ಒಂದು ಸಿನಿಮಾ ಅಭಿಪ್ರಾಯದ ಕಾರ್ಬನ್ ಪ್ರತಿ

ಒದ್ದೆ ಕಬ್ಬಿಣದ ವಾಸನೆ ಮೂಗಿಗೆ ತಾಕಿದರೆ ಸಾಕು, ಮೀಟರ್ ಮಾವನಿಗೆ ಮತ್ತೆ ಏಳು ವರ್ಷವಾಗಿಬಿಡುತ್ತಿತ್ತು. ಅವನ ಅಪ್ಪ ನೀರಿನ ಇಲಾಖೆಯಲ್ಲಿ ವಾಲ್ವ್ ತಿರುಗಿಸುತ್ತಿದ್ದವನು. ಶಾಲೆಗೆ ರಜೆಯಿದ್ದ ದಿನ ಮಗನನ್ನೂ ನೆಲದಡಿಯ ಗುಂಡಿಗೆ ಇಳಿಸಿಕೊಳ್ಳುತ್ತಿದ್ದ. ಅಲ್ಲಿ ತುಕ್ಕು, ಪಾಚಿ, ಯಾರೋ ಈಗಷ್ಟೇ ಎದ್ದುಹೋದಂಥ ತಣ್ಣನೆಯ ಕತ್ತಲು. "ನೀರಿಗೆ ಗುಟ್ಟು ಇಟ್ಟುಕೊಳ್ಳೋಕೆ ಬರಲ್ಲ ಮಗಾ. ಒಳಗೇನಾದ್ರೂ ಬಿದ್ದಿದ್ರೆ ವಾಸನೆ ಬಿಟ್ಟುಕೊಡುತ್ತೆ, ಇಲ್ಲಾಂದ್ರೆ ಸದ್ದು ಮಾಡುತ್ತೆ," ಎಂದು ಅಪ್ಪ ಪೈಪಿಗೆ ಕಿವಿಯಿಟ್ಟು ಹೇಳುತ್ತಿದ್ದ. ಆ ಮಾತು ಹುಡುಗನ ಹೊಟ್ಟೆಯಲ್ಲಿ ಹೋಗಿ ಕೂತದ್ದು ಐವತ್ತು ವರ್ಷವಾದರೂ ಎದ್ದಿರಲಿಲ್ಲ.

ದೊಡ್ಡವನಾಗಿ ಅವನು ಅದೇ ಇಲಾಖೆಯಲ್ಲಿ ಮನೆಮನೆಯ ನೀರಿನ ಮೀಟರ್ ಓದುವ ಕೆಲಸಕ್ಕೆ ಸೇರಿದ. ಬೀದಿಯವರು ಅವನನ್ನು ಮೀಟರ್ ಮಾವ ಎಂದರು, ಅವನ ಹೆಂಡತಿಯನ್ನು ಅತ್ತೆ ಎಂದರು. ಕೆಲಸ ಅವನಿಗೆ ಎರಡು ಚಟ ಅಂಟಿಸಿತ್ತು. ಅಂಕಿ ಕಂಡಲ್ಲಿ ಗಟ್ಟಿಯಾಗಿ ಓದಿಬಿಡುವುದು ಒಂದು. ಏನು ಬರೆದರೂ ತಪಾಸಣಾ ವರದಿಯ ಧಾಟಿಯಲ್ಲೇ ಬರೆಯುವುದು ಇನ್ನೊಂದು. ಮಗಳ ಮದುವೆಯ ಕರೆಯೋಲೆಯಲ್ಲಿ "ಮೇಲ್ಕಾಣಿಸಿದ ವಿಳಾಸದಲ್ಲಿ ತಪ್ಪದೆ ಹಾಜರಿರತಕ್ಕದ್ದು" ಎಂದು ಬರೆದಿದ್ದ. ಅರ್ಧ ಬಂಧುಗಳು ವಕೀಲರನ್ನು ಕೇಳಿಕೊಂಡು ಮದುವೆಗೆ ಬಂದಿದ್ದರು.

ಈ ಅನಾಹುತ ಶುರುವಾದದ್ದು ಭಾವಮೈದುನನಿಂದ. ಬೀದಿ ತುದಿಯ ಚಿತ್ರಮಂದಿರದಲ್ಲಿ ಒಂದು ಪದ್ಧತಿಯಿತ್ತು. ಹೊರಬಾಗಿಲ ಬಳಿ ಅಭಿಪ್ರಾಯದ ಪೆಟ್ಟಿಗೆ. ನೋಡಿದವರು ಚೀಟಿ ಬರೆದು ಹಾಕಬೇಕು. ಅದರಲ್ಲಿ ಒಳ್ಳೆಯದನ್ನು ಮುಂದಿನ ಶನಿವಾರ ಮ್ಯಾಟಿನಿಗೆ ಮೊದಲು ಮ್ಯಾನೇಜರು ಮೈಕಿನಲ್ಲಿ ಓದುತ್ತಿದ್ದರು. ನಾಲ್ಕು ವರ್ಷದ ಹಿಂದೆ ಭಾವಮೈದುನನ ಚೀಟಿ ಓದಿದ್ದರು. ಅದರಲ್ಲಿದ್ದದ್ದು "ಪರವಾಗಿಲ್ಲ" ಎಂಬ ಒಂದೇ ಪದ. ಅಂದಿನಿಂದ ಅವನು ವಿಮರ್ಶಕ.

"ಭಾವ, ನೀವು ನೀರಿನ ಮುಳ್ಳು ಓದೋರು. ಸಿನಿಮಾ ಓದೋದು ಬೇರೆ ವಿದ್ಯೆ," ಎಂದ ಅವನು, ಕೆಳಮನೆಯ ದರ್ಜಿಯ ಅಂಗಡಿಯಲ್ಲಿ, ನಾಲ್ಕು ಜನರ ಎದುರಿಗೆ.

"ನೋಡ್ತಾ ಇರು. ಈ ಶನಿವಾರ ಬಿಟ್ಟು ಮುಂದಿನ ಶನಿವಾರ ಮೈಕಲ್ಲಿ ಯಾರದ್ದು ಓದ್ತಾರೆ ಅಂತ," ಎಂದು ಮಾವ ಎದೆ ತಟ್ಟಿಕೊಂಡ.

ದರ್ಜಿ ನಕ್ಕ. ಅವನು ನಗುವುದೇ ಅಪರೂಪವಾಗಿತ್ತು. ಹನ್ನೊಂದು ತಿಂಗಳ ಹಿಂದೆ ಒಂದು ಕಾರು ಅವನ ಎಡಗಾಲಿನ ಮೇಲೆ ಹರಿದು ನಿಲ್ಲದೆ ಹೋಗಿತ್ತು. ಕಾರಿನ ನಂಬರ್ ಪ್ಲೇಟು ಮಾತ್ರ ರಸ್ತೆಯಲ್ಲಿ ಕಳಚಿ ಬಿದ್ದಿತ್ತು. ಅದು ಠಾಣೆಗೆ ಹೋಯಿತು, ಠಾಣೆಯಲ್ಲೇ ಕಾಣೆಯಾಯಿತು. ದರ್ಜಿಯ ಬಾಯಿಮಾತನ್ನು ಯಾರೂ ನಂಬಲಿಲ್ಲ. ಪ್ಲೇಟಿಲ್ಲದೆ ಕೇಸಿಲ್ಲ, ಕೇಸಿಲ್ಲದೆ ಪರಿಹಾರವಿಲ್ಲ, ಪರಿಹಾರವಿಲ್ಲದೆ ಕಾಲಿನ ಎರಡನೇ ಆಪರೇಷನ್ ಇಲ್ಲ. ಅದನ್ನು ವರ್ಷ ತುಂಬುವುದರೊಳಗೆ ಮಾಡಿಸದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ದರ್ಜಿ ಆ ಪ್ಲೇಟಿನ ನಾಲ್ಕು ಅಂಕಿಯನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದುಕೊಂಡು ಒಂದೇ ಕಾಲಿನಲ್ಲಿ ಮಿಷನ್ ತುಳಿಯುತ್ತಿದ್ದ. ಅತ್ತೆ ದಿನಾ ಮಧ್ಯಾಹ್ನ ಒಂದು ಡಬ್ಬಿ ಊಟ ಕೆಳಗೆ ಕೊಟ್ಟು ಹೋಗುತ್ತಿದ್ದಳು. ಖಾಲಿ ಡಬ್ಬಿ ಮೇಲೆ ಬರುವಾಗ ಅದರ ಜೊತೆ ಗುಂಡಿ ಹಾಕಿದ ಒಂದು ಅಂಗಿಯೋ ಅಂಚು ಹೊಲಿದ ಕೈವಸ್ತ್ರವೋ ಇರುತ್ತಿತ್ತು. ಇಬ್ಬರೂ ಇದರ ಬಗ್ಗೆ ಒಂದು ದಿನವೂ ಮಾತಾಡಿದವರಲ್ಲ.

ಆ ಶನಿವಾರ ಮಾವ ನೋಡಿದ ಸಿನಿಮಾ ಒಬ್ಬ ಪೊಲೀಸ್ ಅಧಿಕಾರಿಯದು. ಹಗಲು ಕಾನೂನು, ಸಂಜೆ ಕಳ್ಳರ ಜೊತೆ ಕೈಕುಲುಕು. ಕೊಲೆಗೆ ಬಳಸಿದ ಪಿಸ್ತೂಲನ್ನು ತನ್ನ ಮನೆಯ ಮೇಲಿನ ನೀರಿನ ತೊಟ್ಟಿಯಲ್ಲೇ ಬಚ್ಚಿಡುತ್ತಾನೆ. ಅದನ್ನು ಕಂಡುಹಿಡಿದ ಒಬ್ಬ ಸಾಧು ಮನುಷ್ಯನನ್ನು ಅದೇ ತೊಟ್ಟಿಯಲ್ಲಿ ಮುಳುಗಿಸುತ್ತಾನೆ. ಆ ದೃಶ್ಯ ಬಂದಾಗ ಮಾವನಿಗೆ ಕತ್ತಲಲ್ಲಿ ಎಲ್ಲಿಂದಲೋ ಒದ್ದೆ ಕಬ್ಬಿಣದ ವಾಸನೆ ಬಂತು. ಪಕ್ಕದವರನ್ನು ಕೇಳಿದರೆ ಅವರಿಗೆ ಕಡಲೆಯ ವಾಸನೆ ಮಾತ್ರ ಬರುತ್ತಿತ್ತಂತೆ.

ಹೊರಗೆ ಪೆಟ್ಟಿಗೆಯ ಸುತ್ತ ಜನವೋ ಜನ.

"ಲಂಚ ತಗೊಂಡ್ರೂ ಎಷ್ಟು ಸ್ಟೈಲಾಗಿ ತಗೋತಾನೆ ನೋಡು!"

"ಒಂದು ಹಾಡಿಲ್ಲ ಕಣ್ರೀ. ಇದು ಸಿನಿಮಾನೋ, ಪರೀಕ್ಷೆನೋ?"

"ಆ ಹೆಂಡ್ತಿ ಪಾತ್ರ ನೋಡಿದ್ರೆ ನಂಗೆ ಕರುಳು ಚುರ್ ಅಂತು," ಎಂದರು ಒಬ್ಬ ಅಜ್ಜಿ. ಅವರಿಗೆ ಚೀಟಿ ಬರೆದುಕೊಡುತ್ತಿದ್ದ ಅಪರಿಚಿತನೊಬ್ಬ 'ಚುರ್' ಎಂಬುದನ್ನೂ ಬಿಡದೆ ಬರೆದುಕೊಂಡ.

ಚೀಟಿಗಳು ಖಾಲಿಯಾಗಿದ್ದವು. ಮಾವ ಜೇಬಿನಿಂದ ಹಾಳೆಹಾಳೆಗೂ ತನ್ನ ಹೆಸರಿನ ಮುದ್ರೆಯಿದ್ದ ಇಲಾಖೆಯ ವರದಿ ಪುಸ್ತಕ ತೆಗೆದ. ಒತ್ತಿ ಬರೆದ:

"ವಿಷಯ: ಪೊಲೀಸ್ ಅಧಿಕಾರಿ. ಕತ್ತಲಲ್ಲಿ ಕೂತು ಎರಡು ಗಂಟೆ ನಲವತ್ತು ನಿಮಿಷ ಗಮನಿಸಲಾಯಿತು. ಮೇಲ್ನೋಟಕ್ಕೆ ಸರಿ ಇದ್ದಾರೆ. ಒಳಗೆ ಸೋರಿಕೆ ಇದೆ. ಬಚ್ಚಿಟ್ಟ ವಸ್ತು ಮನೆಯ ಮೇಲಿನ ತೊಟ್ಟಿಯಲ್ಲಿದೆ ಎಂಬುದು ನನಗೆ ಮೊದಲ ಅರ್ಧ ಗಂಟೆಯಲ್ಲೇ ತಿಳಿಯಿತು. ಹೆಂಡತಿಗೆ ತಿಳಿಯದು. ಪಾಪ, ಆಕೆ ದಿನಾ ಕುಡಿಯುವುದು ಅದೇ ನೀರು. ಶಿಫಾರಸು: ಅರ್ಧ ಗಂಟೆ ಮೊದಲೇ ಮುಗಿಸಬಹುದಿತ್ತು. ಬರುವ ಶನಿವಾರ ಮನೆಯವರೊಂದಿಗೆ ಬಂದು ಇನ್ನೊಮ್ಮೆ ನೋಡಲಾಗುವುದು."

ಹಾಳೆ ಹರಿದು ಪೆಟ್ಟಿಗೆಗೆ ಹಾಕಿ, ಗೆದ್ದವನಂತೆ ಮನೆಗೆ ಹೋದ. ಮೂವತ್ತು ವರ್ಷದಿಂದ ಆ ಪುಸ್ತಕದ ಪ್ರತಿ ಹಾಳೆಯ ಕೆಳಗೂ ಕಾರ್ಬನ್ ಇಟ್ಟೇ ಇರುತ್ತಿದ್ದವನಿಗೆ ಅಂದೂ ಅದು ಅಲ್ಲೇ ಇದೆ ಎಂಬುದು ನೆನಪಾಗಲಿಲ್ಲ. ಉಸಿರಾಡುತ್ತಿರುವುದು ಯಾರಿಗೆ ನೆನಪಿರುತ್ತದೆ?

ಸೋಮವಾರ ವಾರದ ಪ್ರತಿಗಳೆಲ್ಲ ಇಲಾಖೆಯ ಟಪಾಲು ಗುಮಾಸ್ತನ ಮೇಜಿಗೆ ಹೋದವು. ಆತ ಒಂದು ಕಾಗದವನ್ನೂ ಪೂರ್ತಿ ಓದಿ ಪಾಪ ಕಟ್ಟಿಕೊಂಡವನಲ್ಲ. ಮೊದಲ ಸಾಲಿನಲ್ಲಿ ಯಾರ ಹೆಸರಿದೆಯೋ ಅವರಿಗೆ ಕಳಿಸುವುದು ಅವನ ಧರ್ಮ. "ವಿಷಯ: ಪೊಲೀಸ್ ಅಧಿಕಾರಿ" ಎಂದು ಓದಿ, ಲಕೋಟೆಗೆ ಹಾಕಿ, ಅಂಟು ನೆಕ್ಕಿ, ಠಾಣೆಗೆ ಕಳಿಸಿದ.

ಬುಧವಾರ ಮಧ್ಯಾಹ್ನ ಮಾವ ಒಂದು ಮನೆಯಂಗಳದ ಮೀಟರ್ ಗುಂಡಿಯ ಮುಚ್ಚಳ ಎತ್ತಿ ಬಗ್ಗಿದ್ದ. ಗಾಜಿನ ಮೇಲೆ ಒಂದು ನೆರಳು ಬಿತ್ತು. ತಲೆಯೆತ್ತಿದರೆ ಯಾರೂ ಇಲ್ಲ. ಬೀದಿಯ ಆಚೆ ಬದಿಯಲ್ಲಿ ಖಾಕಿ ತೊಟ್ಟ ಉದ್ದನೆಯ ಮನುಷ್ಯರೊಬ್ಬರು ಬೆನ್ನು ಹಾಕಿ ನಿಂತಿದ್ದರು. ಮುಂದಿನ ಮನೆಯಲ್ಲೂ ಬಗ್ಗಿದ. ಮತ್ತೆ ನೆರಳು, ಮತ್ತೆ ಅದೇ ಬೆನ್ನು. ಹಾಗೆ ಹದಿನಾಲ್ಕು ಮನೆ. ಹದಿನೈದನೆಯ ಗುಂಡಿಯಲ್ಲಿ ಮಾವ ಮುಳ್ಳು ಓದದೆ ನೆರಳನ್ನೇ ನೋಡುತ್ತ ಕೂತ. ಗುಂಡಿಯೊಳಗಿಂದ ಒದ್ದೆ ಕಬ್ಬಿಣದ ವಾಸನೆ ಏಳುತ್ತಿತ್ತು.

"ನೀವು ಬರೆದದ್ದು ಓದಿದೆ," ಎಂದಿತು ನೆರಳು.

ಮಾವ ಹೌಹಾರಿ ಎದ್ದ. ಠಾಣೆಯ ಸಾಹೇಬರು! ತೀರಾ ಮೆತ್ತಗಿನ ಧ್ವನಿ, ನಿದ್ದೆಯಿಲ್ಲದ ಕಣ್ಣು. ಆದರೆ 'ಓದಿದೆ' ಎಂಬ ಮಾತು ಕೇಳಿ ಮಾವನೊಳಗಿನ ಲೇಖಕ ಹೆದರಿಕೆಯನ್ನು ಹಿಂದಕ್ಕೆ ತಳ್ಳಿದ. ಚಿತ್ರಮಂದಿರದವರು ಸಾಹೇಬರಿಗೆ ತೋರಿಸಿರಬೇಕು!

"ಓದಿದ್ರಾ ಸಾರ್! ಏನೋ, ಕಂಡದ್ದು ಬರೆದೆ."

"ಕಂಡದ್ದು," ಎಂದರು ಸಾಹೇಬರು. "ಯಾರಿಗೆಲ್ಲ ಹೇಳಿದ್ದೀರಿ?"

"ಬೀದಿಗೆಲ್ಲ ಗೊತ್ತು ಸಾರ್. ಶನಿವಾರ ಮೈಕಲ್ಲಿ ಓದಿಸ್ತಾರೆ, ಜನರ ಮುಂದೆ. ನೀವೂ ಬರಬೇಕು."

ಸಾಹೇಬರ ಮುಖದ ಬಣ್ಣ ಇಳಿಯಿತು. ಅಷ್ಟರಲ್ಲಿ ಆ ಮನೆಯಾಕೆ ಬಿಸಿಲಲ್ಲಿ ನಿಂತವರಿಗೆ ಎಂದು ಎರಡು ಲೋಟ ನೀರು ತಂದಿಟ್ಟರು. ಸಾಹೇಬರು ಲೋಟವನ್ನು ಎತ್ತಿ, ಒಳಗೆ ಇಣುಕಿ, ತುಟಿಗೆ ತಾಗಿಸದೆ ಹಾಗೇ ಕೆಳಗಿಟ್ಟರು.

"ನಮ್ಮ ಮನೇಲಿ ನಲ್ಲಿ ನೀರು ಬಂದಾಗೆಲ್ಲ ತಲೆ ಮೇಲೆ ಟಣ್ ಅನ್ನುತ್ತೆ," ಎಂದರು, ತಮಗೆ ತಾವೇ ಎಂಬಂತೆ. "ಟಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಣ್. ಶನಿವಾರ ಬೆಳಿಗ್ಗೆ ಬಂದು ಕರೆದುಕೊಂಡು ಹೋಗ್ತೀನಿ. ಮೈಕಿಗೆ ಮೊದಲು."

ಮಾವ ಮನೆಗೆ ಬಂದು ಇದನ್ನು ಇದ್ದಂತೆ ಹೇಳಿದ. ಕೇಳಿಸಿಕೊಳ್ಳಲು ಅರ್ಧ ಬೀದಿಯೇ ದರ್ಜಿಯ ಅಂಗಡಿಯಲ್ಲಿ ಸೇರಿತು.

"ಮುಗೀತು ಭಾವ, ನಿಮ್ಮ ಕಥೆ," ಎಂದ ಭಾವಮೈದುನ, ಸಂಕಟಕ್ಕಿಂತ ಹೆಚ್ಚಾಗಿ ಸಂಭ್ರಮದಿಂದ. "ಪೊಲೀಸರ ಮೇಲೆ ಬಂದ ಸಿನಿಮಾಗೆ ಪೊಲೀಸರ ವಿರುದ್ಧ ಬರೆದ್ರೆ ಬಿಡ್ತಾರಾ? ಅದಕ್ಕೇ ನಾನು 'ಪರವಾಗಿಲ್ಲ' ಅಂತ ಬರೆಯೋದು. ಆ ಪದಕ್ಕೆ ಜೈಲಿಲ್ಲ."

"ತೊಟ್ಟಿ ಸದ್ದು ಮಾಡುತ್ತೆ ಅಂದ್ರಾ?" ಎಂದು ಕೇಳಿದ ದರ್ಜಿ. "ಸಿನಿಮಾದಲ್ಲೂ ತೊಟ್ಟಿ ಅಲ್ವಾ ಮಾವ, ಆ ಸಾಧು ಮನುಷ್ಯನ್ನ..."

ಮಿಷನ್ನಿನ ಚಕ್ರ ತಾನಾಗಿಯೇ ಅರ್ಧ ಸುತ್ತು ತಿರುಗಿ ನಿಂತಿತು. ದರ್ಜಿಯ ಕಾಲು ತಗುಲಿತ್ತು ಅಷ್ಟೇ, ಆದರೆ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

ಗುರುವಾರ, ಶುಕ್ರವಾರ ಸಾಹೇಬರು ಬರಲಿಲ್ಲ, ಆದರೆ ಕಂಡರು. ತರಕಾರಿ ಅಂಗಡಿಯ ಕನ್ನಡಿಯಲ್ಲಿ ಒಮ್ಮೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಒಮ್ಮೆ, ಕೈಯಲ್ಲಿ ಅಂಗಡಿಯಿಂದ ಕೊಂಡ ನೀರಿನ ಬಾಟಲಿ ಹಿಡಿದು. ಮಾವ ಸ್ನಾನದ ಮನೆಯ ಬಕೆಟನ್ನೂ ದೂರದಿಂದಲೇ ನೋಡತೊಡಗಿದ. ಶುಕ್ರವಾರ ಅವನು ಒಂದೇ ಚೊಂಬು ನೀರಿನಲ್ಲಿ, ಬಾಗಿಲು ತೆರೆದಿಟ್ಟುಕೊಂಡು, ಸ್ನಾನ ಮಾಡಿದ. ನೆರೆಯವರು ಉಪಕಾರಕ್ಕೆಂದು ತಮ್ಮ ಕಿಟಕಿ ಮುಚ್ಚಿಕೊಂಡರು.

ಅಂದೇ ಭಾವಮೈದುನ ಇನ್ನೊಂದು ಸುದ್ದಿ ತಂದ. "ಭಾವ, ಚಿತ್ರಮಂದಿರದ ಶೌಚಾಲಯಾನೆಲ್ಲ ಅಗೆದು ಹಾಕಿದಾರೆ. ಒಳಗೆ ಸೋರಿಕೆ ಇದೆ ಅಂತ ನೀರಿನ ಇಲಾಖೆಯಿಂದಲೇ ಬರೆದು ಪೆಟ್ಟಿಗೇಲಿ ಹಾಕಿದ್ರಂತೆ. ಎಷ್ಟು ಅಗೆದ್ರೂ ಸೋರಿಕೆ ಸಿಗ್ತಿಲ್ಲವಂತೆ."

"ಯಾವ ದಡ್ಡ ಬರೆದನಪ್ಪಾ ಅದನ್ನ?" ಎಂದು ಮಾವ ಆ ದುಃಖದಲ್ಲೂ ಇಲಾಖೆಯ ಮಾನದ ಬಗ್ಗೆ ನೊಂದುಕೊಂಡ.

ಶನಿವಾರ ಹನ್ನೊಂದಕ್ಕೆ ಸಾಹೇಬರು ಬಂದರು. ಜೀಪಿಲ್ಲ, ಪೇದೆಗಳಿಲ್ಲ, ತಲೆಯ ಮೇಲೆ ಟೋಪಿಯೂ ಇಲ್ಲ. ಅತ್ತೆ ಒಂದು ಚೀಲದಲ್ಲಿ ಹೊದಿಕೆ, ಬಿ.ಪಿ. ಮಾತ್ರೆ, ಎರಡು ಜೊತೆ ಬಟ್ಟೆ ತುಂಬಿ ಗಂಡನ ಹೆಗಲಿಗೆ ಹಾಕಿದಳು.

"ಸಾಹೇಬ್ರೇ, ಇವರಿಗೆ ಹಸಿವು ತಡೆಯಲ್ಲ. ಸಿಟ್ಟು ಬಂದ್ರೆ ಬೈಯಿರಿ, ಹೊತ್ತಿಗೆ ಊಟ ಮಾತ್ರ ತಪ್ಪಿಸಬೇಡಿ," ಎಂದಳು. ಸಾಹೇಬರು ಆಕೆಯ ಕಣ್ಣು ತಪ್ಪಿಸಿ ತಲೆಯಾಡಿಸಿದರು. ಬೀದಿಯ ಕಿಟಕಿಗಳೆಲ್ಲ ಒಂದು ಬೆರಳಿನಷ್ಟು ತೆರೆದಿದ್ದವು.

ಮಾವ ವರದಿ ಪುಸ್ತಕವನ್ನು ಎದೆಗೆ ಅವಚಿಕೊಂಡು ಹಿಂದೆ ನಡೆದ. ಸಾಯುವುದೇ ಆದರೂ ಕೆಲಸದ ಸಾಮಾನು ಕಳೆಯಬಾರದು.

ಸಾಹೇಬರ ಮನೆ ಒಪ್ಪವಾಗಿತ್ತು. ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಮೆಟ್ಟಿಲು ಹತ್ತುತ್ತಿದ್ದಂತೆ ಆ ಸದ್ದು ನಿಂತು, ಇನ್ನೊಂದು ಕೇಳಿಸಿತು.

ಟಣ್.

ತಾರಸಿಯ ಮೇಲೆ ಬಿಳಿಬಿಳಿ ಬಿಸಿಲು. ಒಂದು ಕಾಗೆಯೂ ಇರಲಿಲ್ಲ. ನಡುವೆ ನಾಲ್ಕು ಕಂಬಗಳ ಮೇಲೆ ಹಳೆಯ ಕಬ್ಬಿಣದ ತೊಟ್ಟಿ, ಅದಕ್ಕೊಂದು ಪುಟ್ಟ ಏಣಿ. ಅಷ್ಟು ದೂರದಿಂದಲೇ ಆ ವಾಸನೆ ಮಾವನ ಮೂಗಿಗೆ ಬಡಿಯಿತು. ಗುಂಡಿ, ಪಾಚಿ, ಕತ್ತಲು, ಪೈಪಿಗೆ ಕಿವಿಯಿಟ್ಟ ಅಪ್ಪ.

ಟಣ್.

"ಹತ್ತಿ," ಎಂದರು ಸಾಹೇಬರು. "ಮುಚ್ಚಳ ತೆಗೀರಿ."

"ಸಾರ್, ನಂಗೆ ಈಜು ಬರಲ್ಲ."

"ತೆಗೀರಿ."

ಮಾವ ಹತ್ತಿದ. ಮುಚ್ಚಳ ಸರಿಸಿದ. ಕಪ್ಪು ನೀರಿನಲ್ಲಿ ಅವನ ಮುಖ, ಅದರ ಹಿಂದೆ ತಾವೂ ಏಣಿ ಹತ್ತಿದ್ದ ಸಾಹೇಬರ ಮುಖ. ಇನ್ನೇನು ಹಿಂದಿನಿಂದ ಕೈ ಬೀಳುತ್ತದೆ ಎಂದು ಕಣ್ಣು ಮುಚ್ಚಿದ. ಕೈ ಬೀಳಲಿಲ್ಲ. ಒಳಗೆ ಮತ್ತೆ ಟಣ್ ಎಂದಿತು. ಆಗ ಒಂದು ವಿಚಿತ್ರ ನಡೆಯಿತು. ಹೆದರಿದ ಮನುಷ್ಯನನ್ನು ಪಕ್ಕಕ್ಕೆ ಸರಿಸಿ ಮೂವತ್ತು ವರ್ಷದ ನೌಕರ ಮುಂದೆ ಬಂದ. ಇದು ವಾಲ್ವಿನ ಸದ್ದಲ್ಲವಲ್ಲ! ಮಾವ ತೋಳು ಮಡಿಸಿ, ಭುಜದವರೆಗೆ ಕೈಯಿಳಿಸಿ ತಡಕಾಡಿದ. ಒಳಪೈಪಿಗೆ ಕಟ್ಟಿದ ಒಂದು ತಂತಿ. ಎಳೆದ. ತಂತಿಯ ತುದಿಯಲ್ಲಿ ತುಕ್ಕು ಹಿಡಿದ, ಅಂಗೈ ಎರಡರಷ್ಟು ಉದ್ದದ ತಗಡು.

"ಸಿಕ್ತು ಸಾರ್! ಇದೇ ನಿಮ್ಮ ತೊಂದರೆ! ನೀರು ಏರಿದಾಗೆಲ್ಲ ಹೋಗಿ ಗೋಡೆಗೆ ಬಡೀತಿದೆ. ಎರಡು ನಿಮಿಷದ ಕೆಲಸಕ್ಕೆ ಇಷ್ಟು ದಿನ ನರಳಿದ್ರಲ್ಲ!" ಎಂದು ತಗಡನ್ನು ತೋಳಿಗೆ ಒರೆಸಿ, ಅಂಕಿ ಕಂಡದ್ದೇ ಗಟ್ಟಿಯಾಗಿ ಓದಿದ. "ಏಳು, ಸೊನ್ನೆ, ಏಳು, ನಾಲ್ಕು."

ಬಾಯಿ ಅಲ್ಲೇ ನಿಂತಿತು. ಆ ಅಂಕಿಯನ್ನು ಅವನು ಹನ್ನೊಂದು ತಿಂಗಳಿಂದ ದಿನಾ ಓದುತ್ತಿದ್ದ, ದರ್ಜಿಯ ಗೋಡೆಯ ಮೇಲೆ.

"ಕಾರು ಮೇಲಿನವರೊಬ್ಬರ ಅಳಿಯಂದು," ಎಂದರು ಸಾಹೇಬರು, ಬಿಸಿಲಿಗೆ ಹೇಳುವಂತೆ. "ನೋಡಿಕೋ ಅಂದ್ರು. ನೋಡಿಕೊಂಡೆ. ಎಸೆದುಬಿಡೋಣ ಅಂತ ಮೂರು ಸಲ ಹೋದೆ. ಎಸೆದ್ರೆ ನಿಜವಾಗ್ಲೂ ಕಳ್ಳ ಆಗ್ಬಿಡ್ತೀನಿ ಅನ್ನಿಸ್ತು. ಅವತ್ತಿಂದ ಮನೆ ನೀರು ಗಂಟಲಲ್ಲಿ ಇಳಿದಿಲ್ಲ. ನಿಮ್ಮ ಕಾಗದ ಬಂದಾಗ ಒಂದು ರೀತಿ ಉಸಿರು ಬಂದಂಗಾಯ್ತು. ಆದ್ರೆ ಹೇಗೆ ಗೊತ್ತಾಯ್ತು ನಿಮಗೆ? ಕತ್ತಲಲ್ಲಿ ಎಲ್ಲಿ ಕೂತಿದ್ರಿ?"

ಅವರು ಜೇಬಿನಿಂದ ನೀಲಿ ಅಕ್ಷರದ ಹಾಳೆಯೊಂದನ್ನು ಬಿಡಿಸಿ ಹಿಡಿದರು. ಮಾವ ನೋಡಿದ. ತನ್ನದೇ ಕೈಬರಹ. ಕಾರ್ಬನ್!

"ಸಾರ್... ಇದು ಸಿನಿಮಾದ್ದು."

"ಏನು?"

"ಸಿನಿಮಾ ಅಭಿಪ್ರಾಯ ಸಾರ್. ಮುಂದಿನಿಂದ ಏಳನೇ ಸಾಲಲ್ಲಿ ಕೂತಿದ್ದೆ. ನಂಗೆ ನಿಮ್ಮ ಬಗ್ಗೆ ಏನೂ ಗೊತ್ತಿರಲಿಲ್ಲ."

ಲೋಕದಲ್ಲಿ ಸತ್ಯ ಹೇಳಲು ಇದಕ್ಕಿಂತ ಕೆಟ್ಟ ಜಾಗ ಇರಲಾರದು. ಸಾಹೇಬರು ಹಾಳೆಯನ್ನು ಮಡಿಸಿ ಜೇಬಿಗಿಟ್ಟರು. ಆಮೇಲೆ ಕೈ ಚಾಚಿದರು. ತೊಟ್ಟಿಯಲ್ಲಿ ಸಿಕ್ಕಿದ್ದು ಮನೆಯವರ ಸ್ವತ್ತು ಎಂಬುದು ಇಲಾಖೆಯ ನಿಯಮ. ಮಾವ ಪ್ಲೇಟನ್ನು ಮರುಮಾತಿಲ್ಲದೆ ಕೊಟ್ಟುಬಿಟ್ಟ. ಕೊಟ್ಟ ಮೇಲೆ ದರ್ಜಿಯ ಕಾಲು ನೆನಪಾಯಿತು. ಅಯ್ಯೋ ಎಂದುಕೊಂಡ.

ಸಾಹೇಬರು ಏಣಿಯ ಇನ್ನೊಂದು ಮೆಟ್ಟಿಲು ಹತ್ತಿ ಪ್ಲೇಟನ್ನು ನೀರಿನ ಮೇಲೆ ಹಿಡಿದರು. ಅದರಿಂದ ತೊಟ್ಟಿಕ್ಕಿದ ಹನಿ ನೀರಿಗೆ ಬಿದ್ದು ಇಬ್ಬರ ಮುಖವನ್ನೂ ಕಲಕಿತು.

"ಸಿನಿಮಾದಲ್ಲಿ ಆ ಅಧಿಕಾರಿ ಕೊನೆಗೆ ಏನು ಮಾಡ್ತಾನೆ?"

"ಗೊತ್ತಿಲ್ಲ ಸಾರ್. ಕೊನೇ ಹತ್ತು ನಿಮಿಷ ನಿದ್ದೆ ಬಂದ್ಬಿಟ್ಟಿತ್ತು."

"ಪೂರ್ತಿ ನೋಡ್ದೇನೇ ಅಭಿಪ್ರಾಯ ಬರೆದ್ರಾ?"

"ಎಲ್ಲರೂ ಹಾಗೇ ಬರೆಯೋದು ಸಾರ್."

ಮೆಟ್ಟಿಲ ಕೆಳಗಿಂದ ಹೆಣ್ಣುಧ್ವನಿಯೊಂದು ಕೇಳಿತು. "ರೀ, ನೀರು ಬರ್ತಿದೆ. ಕುಡಿಯೋಕೆ ಹಿಡಿದಿಡಲಾ?"

ಸಾಹೇಬರು ಪ್ಲೇಟಿನ ಅಂಕಿಯನ್ನು ಬೆರಳಿನಿಂದ ಒರೆಸಿದರು.

"ರೀ, ನಿಮ್ಮನ್ನೇ ಕೇಳ್ತಿರೋದು."

"ಬೇಡ," ಎಂದರು ಅವರು. ಧ್ವನಿ ಒಡೆದಿತ್ತು. "ಇವತ್ತು ಹಿಡೀಬೇಡ ಕಣೇ. ತೊಟ್ಟಿ ತೊಳೆಸ್ಬೇಕು."

ಕೆಳಗಿಳಿದು, ಮಾವನ ಕಡೆ ತಿರುಗಿ, "ಬರ್ಕೊಳ್ಳಿ," ಎಂದರು. "ಇವತ್ತಿನ ತಾರೀಖು, ಸಮಯ, ಯಾರ ಮನೆ, ಏನು ಸಿಕ್ತು, ಯಾರ ಎದುರಿಗೆ. ಎರಡು ಕಾರ್ಬನ್ ಹಾಕಿ ಬರ್ಕೊಳ್ಳಿ."

ಮೀಟರ್ ಮಾವ ಅಷ್ಟು ಒತ್ತಿ ಹಿಂದೆಂದೂ ಬರೆದಿರಲಿಲ್ಲ.

ದರ್ಜಿಯ ಅಂಗಡಿಯಲ್ಲಿ ಭಾವಮೈದುನ ಅಷ್ಟರಲ್ಲಿ ಶೋಕಭಾಷಣ ಶುರುಮಾಡಿದ್ದ. "ಭಾವನಿಗೆ ಬರೆಯೋಕೆ ಬರ್ತಿರಲಿಲ್ಲ, ನಿಜ. ಆದರೆ ಮನುಷ್ಯ ಪರವಾಗಿಲ್ಲ..." ಎನ್ನುವಷ್ಟರಲ್ಲಿ ಬೀದಿ ತಿರುವಿನಲ್ಲಿ ಇಬ್ಬರು ಕಂಡರು. ಮುಂದೆ ಸಾಹೇಬರು, ಕಂಕುಳಲ್ಲಿ ಒಂದು ತಗಡು. ಹಿಂದೆ ಒಂದು ತೋಳಿನಿಂದ ನೀರು ಸುರಿಸಿಕೊಂಡು, ಹೊದಿಕೆಯ ಚೀಲ ಹೊತ್ತ ಮಾವ. ಮಾತು ಕಡಿದು ಬಿತ್ತು. ದರ್ಜಿಗೆ ಆಗಷ್ಟೇ ಡಬ್ಬಿ ಕೊಟ್ಟು ಬಾಗಿಲಲ್ಲಿ ನಿಂತಿದ್ದ ಅತ್ತೆ ಗಂಡನ ಕೈಕಾಲು ಎಣಿಸುವಂತೆ ನೋಡಿದಳು.

ಸಾಹೇಬರು ಒಳಗೆ ಬಂದು ಪ್ಲೇಟನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟರು. ದರ್ಜಿ ಅದನ್ನು ನೋಡಿದ. ಗೋಡೆ ನೋಡಿದ. ಮತ್ತೆ ಅದನ್ನು ನೋಡಿದ.

"ನನ್ನ ಮನೆ ತೊಟ್ಟೀಲಿತ್ತು," ಎಂದರು ಸಾಹೇಬರು. "ನಾನೇ ಇಟ್ಟಿದ್ದೆ. ಈಗ ಕೋರ್ಟಿಗೆ ಹೋಗಿ ಒಪ್ಪಿಸ್ತೀನಿ. ಸಾಕ್ಷಿಗೆ ಇವರು ಬರೆದ ವರದಿ ಇದೆ, ಮೂರು ಪ್ರತಿ. ನನ್ನ ಕೆಲಸ ಉಳಿಯಲ್ಲ. ನಿಮ್ಮ ಕಾಲು ಉಳಿಯುತ್ತೆ. ಮೊದಲು ನಿಮಗೆ ತೋರಿಸ್ಬೇಕು ಅನ್ನಿಸ್ತು."

"ಇಂಥ ಕ್ಲೈಮ್ಯಾಕ್ಸ್..." ಎಂದು ಭಾವಮೈದುನ ಬಾಯಿ ತೆರೆದ.

"ಸುಮ್ಮನಿರೋ," ಎಂದಳು ಅವನ ಅಕ್ಕ.

ದರ್ಜಿಯ ಕೈ ಕತ್ತರಿಯ ಮೇಲಿತ್ತು. ಆ ಕೈ ಏನು ಮಾಡುತ್ತದೆ ಎಂದು ಎಲ್ಲರ ಕಣ್ಣೂ ಅದರ ಮೇಲೇ ಇತ್ತು. ಸಾಹೇಬರೂ ಅದನ್ನೇ ನೋಡುತ್ತಿದ್ದರು, ಕೊಂಚವೂ ಹಿಂದೆ ಸರಿಯದೆ. ಬಿಸಿಲಲ್ಲಿ ನಡೆದು ಬಂದು ಅವರ ತುಟಿ ಒಣಗಿ ಬಿರಿದಿತ್ತು.

ದರ್ಜಿ ಕತ್ತರಿಯನ್ನು ಪಕ್ಕಕ್ಕಿಟ್ಟ. ಸ್ಟೂಲಿನ ಮೇಲಿದ್ದ ಬಟ್ಟೆಯ ಕಟ್ಟನ್ನು ಸರಿಸಿ ಕೂರಲು ಜಾಗ ಮಾಡಿದ. ತನ್ನ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಮುಂದಿಟ್ಟ. ಸಾಹೇಬರು ಕೂತರು. ಲೋಟದೊಳಕ್ಕೆ ಇಣುಕಲಿಲ್ಲ, ಒಂದೇ ಉಸಿರಿಗೆ ಕುಡಿದರು. ಆಮೇಲೆ ದರ್ಜಿ ಇನ್ನೂ ಬಿಸಿಯಾಗಿದ್ದ ತನ್ನ ಊಟದ ಡಬ್ಬಿಯನ್ನು ಎತ್ತಿಕೊಂಡು, ಅದರ ಮುಚ್ಚಳ ಬಿಗಿ ಎಂದು ತಾನೇ ಅರ್ಧ ಸಡಿಲಿಸಿ, ಪ್ಲೇಟಿನ ಮೇಲಿಂದ ಅವರ ಕೈಗೆ ದಾಟಿಸಿದ.